ಹೆಪ್ಪು, ಹುಳಿ, ಮೂರು ಅಳತೆ ಹಿಟ್ಟು

ಅರ್ಧ ಲೀಟರ್ ಕುದಿಯುವ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿದರೆ ಒಂದೆರಡು ನಿಮಿಷದಲ್ಲಿ ಹಾಲು ಒಡೆಯುತ್ತದೆ. ಗಡ್ಡೆ ಒಂದು ಕಡೆ, ತಿಳಿನೀರು ಇನ್ನೊಂದು ಕಡೆ. ನಿಂಬೆ ಹಿಂಡದೆ ಅಷ್ಟೇ ಹಾಲನ್ನು ಆರಲು ಬಿಟ್ಟು, ಉಗುರುಬೆಚ್ಚಗಿರುವಾಗ ಒಂದು ಸಣ್ಣ ಚಮಚ ಹೆಪ್ಪು ಹಾಕಿ ಮುಚ್ಚಿಟ್ಟರೆ ಬೆಳಿಗ್ಗೆ ಪಾತ್ರೆ ಓರೆ ಮಾಡಿದರೂ ಕದಲದ ಮೊಸರು. ಎರಡೂ ಕಡೆ ಕೆಲಸ ಮಾಡಿದ್ದು ಹುಳಿಯೇ. ಒಂದು ಕಡೆ ಹೊರಗಿನಿಂದ ಒಮ್ಮೆಲೇ ಬಿತ್ತು. ಇನ್ನೊಂದು ಕಡೆ ಹಾಲಿನೊಳಗೇ ಸಣ್ಣಗೆ ಹುಟ್ಟಿ, ಆರೇಳು ಗಂಟೆ ತೆಗೆದುಕೊಂಡು, ಹಾಲನ್ನೆಲ್ಲ ಒಂದೇ ಮುದ್ದೆಯಾಗಿ ಹಿಡಿದು ನಿಲ್ಲಿಸಿತು.

ಸತ್ಯವೇದದಲ್ಲೂ, ಅಂದರೆ ಬೈಬಲಿನಲ್ಲೂ, ಹುಳಿಯ ಮಾತು ಎರಡು ಬಗೆಯಲ್ಲಿ ಬರುತ್ತದೆ. ಮತ್ತಾಯ 13:33ರಲ್ಲಿ ಯೇಸುಸ್ವಾಮಿ ಪರಲೋಕರಾಜ್ಯವನ್ನೇ ಹುಳಿಹಿಟ್ಟಿಗೆ ಹೋಲಿಸುತ್ತಾರೆ. ಮೂರು ಅಧ್ಯಾಯ ದಾಟಿದರೆ, 16:6ರಲ್ಲಿ, ಫರಿಸಾಯರು ಮತ್ತು ಸದ್ದುಕಾಯರು ಎಂಬ ಯೆಹೂದ್ಯ ಧಾರ್ಮಿಕ ಪಂಗಡಗಳ ಹುಳಿಹಿಟ್ಟಿನ ಬಗ್ಗೆ ಎಚ್ಚರವಾಗಿರಿ ಎನ್ನುತ್ತಾರೆ; ಹುಳಿ ಎಂದದ್ದು ಅವರ ಬೋಧನೆಯನ್ನು. ಅದನ್ನು ಕೇಳಿದ ಶಿಷ್ಯರು, ನಾವು ರೊಟ್ಟಿ ತರಲಿಲ್ಲವಲ್ಲ, ಅದಕ್ಕೇ ಹೀಗಂದರು ಎಂದು ತಮ್ಮತಮ್ಮೊಳಗೆ ಮಾತಾಡಿಕೊಂಡರು. ದಿನಬಳಕೆಯ ವಸ್ತುವಿನಲ್ಲಿ ಪಾಠ ಹುಡುಕುವುದು ಆ ಶಿಷ್ಯರಿಗೂ ಕೈಕೊಟ್ಟಿತ್ತು.

ಹೀಗೆ ಕೈಕೊಡುವುದಕ್ಕೆ ನನಗೆ ಕಾಣುವ ಕಾರಣ ಒಂದೇ. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ಮೊದಲೇ ನಾವು ಪಾಠಕ್ಕೆ ಕೈಹಾಕುತ್ತೇವೆ. ಆಗ ನಮಗೆ ಮೊದಲೇ ಗೊತ್ತಿದ್ದ ಉಪದೇಶವನ್ನೇ ಹಾಲಿನ ಬಾಯಿಂದ, ಹಿಟ್ಟಿನ ಬಾಯಿಂದ ಹೇಳಿಸುತ್ತೇವೆ. ಆದ್ದರಿಂದ ಮೊದಲು ಹೆಪ್ಪು, ಆಮೇಲೆ ಸತ್ಯವೇದದ ವಾಕ್ಯ.

ಹಾಲು ಕಾಯಿಸಿ 40ರಿಂದ 45 ಡಿಗ್ರಿಗೆ ಆರಿಸಬೇಕು. ಥರ್ಮಾಮೀಟರ್ ಬೇಡ, ತೊಳೆದ ಕಿರುಬೆರಳನ್ನು ಅದ್ದಿ ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಲು ಆದರೆ ಸರಿ. ಇದಕ್ಕಿಂತ ತೀರಾ ಬಿಸಿ ಇದ್ದರೆ ಹೆಪ್ಪಿನಲ್ಲಿರುವ ಜೀವಾಣುಗಳು ಸಾಯುತ್ತವೆ, ಬೆಳಿಗ್ಗೆ ಎದ್ದರೆ ಹಾಲು ಹಾಲಾಗಿಯೇ ಇರುತ್ತದೆ. ತಣ್ಣಗಿದ್ದರೆ ಅವು ಕೆಲಸಕ್ಕೇ ಇಳಿಯುವುದಿಲ್ಲ, ಅರೆಬರೆ ಹೆಪ್ಪಾಗಿ ಲೋಳೆ ಲೋಳೆಯಾಗುತ್ತದೆ. ಅರ್ಧ ಲೀಟರಿಗೆ ಬೇಸಿಗೆಯಲ್ಲಿ ಒಂದು ಸಣ್ಣ ಚಮಚ, ಚಳಿಗಾಲದಲ್ಲಿ ಎರಡು. ಬೇಗ ಆಗಲಿ ಎಂದು ಸೌಟಿನಷ್ಟು ಸುರಿದರೆ ಮೊಸರು ಬೇಗ ಹುಳಿಯಾಗಿ ನೀರು ಬಿಡುತ್ತದೆ. ಹೆಪ್ಪನ್ನು ಮೊದಲು ಎರಡು ಚಮಚ ಹಾಲಿನಲ್ಲಿ ಕದಡಿ, ಆಮೇಲೆ ಇಡೀ ಪಾತ್ರೆಗೆ ಬೆರೆಸಿ, ಒಂದು ಮೂಲೆಯಲ್ಲಿಟ್ಟು ಮರೆತುಬಿಡಬೇಕು. ಆಯಿತಾ ಎಂದು ಮಧ್ಯೆ ಮಧ್ಯೆ ಅಲುಗಾಡಿಸಿ ನೋಡಿದರೆ ಕಟ್ಟಿಕೊಳ್ಳುತ್ತಿದ್ದದ್ದು ಒಡೆದು ನೀರಾಗುತ್ತದೆ. ಈ ಕೊನೆಯ ತಪ್ಪು ಹೊಸದಾಗಿ ಸಂಸಾರ ಹೂಡಿದವರ ಮನೆಯಲ್ಲಿ ಜಾಸ್ತಿ.

ಈಗ ವಾಕ್ಯಕ್ಕೆ ಬರೋಣ. ಹೆಂಗಸೊಬ್ಬಳು ಹುಳಿಹಿಟ್ಟನ್ನು ತೆಗೆದುಕೊಂಡು ಮೂರು ಅಳತೆ ಹಿಟ್ಟಿನಲ್ಲಿ ಇಡುತ್ತಾಳೆ, ಕೊನೆಗೆ ಹಿಟ್ಟೆಲ್ಲ ಹುಳಿಯಾಗುತ್ತದೆ. ಒಂದೇ ವಾಕ್ಯದ ಸಾಮ್ಯ, ಅಂದರೆ ಹೋಲಿಕೆಯ ಕಥೆ. ಇಲ್ಲಿ ಎರಡು ಕಡೆ ನಿಲ್ಲಬೇಕು.

ಮೊದಲನೆಯದು ಅಳತೆ. ಅನುವಾದದಲ್ಲಿ ಅದನ್ನು ‘ಮೂರು ಸೇರು’ ಎಂದು ಓದಿದರೆ ನಮ್ಮ ಕಿವಿಗೆ ಅದು ಮೂರು ಕಿಲೋ ಆಸುಪಾಸು ಎಂದೇ ಕೇಳುತ್ತದೆ, ಹಬ್ಬದ ದಿನ ನಾಲ್ಕು ಮನೆಗೆ ಸಾಕಾಗುವಷ್ಟು. ಗ್ರೀಕ್ ಮೂಲದಲ್ಲಿರುವ ‘ಸಾತೋನ್’ ಎಂಬ ಅಳತೆ, ಅಂದರೆ ಹೀಬ್ರೂವಿನ ‘ಸೆಆ’, ಅದಕ್ಕಿಂತ ಎಷ್ಟೋ ದೊಡ್ಡದು. ವಿದ್ವಾಂಸರು ಹಿಡಿಯುವ ಲೆಕ್ಕ ಬೇರೆ ಬೇರೆ. ಮೂರು ಸೆಆ ಸೇರಿದರೆ ಸುಮಾರು 22 ಲೀಟರಿನಿಂದ 39 ಲೀಟರಿನವರೆಗೆ ಬರುತ್ತದೆ. ಕಡಿಮೆ ಲೆಕ್ಕ ಹಿಡಿದರೂ ಹನ್ನೆರಡು ಕಿಲೋ ಹಿಟ್ಟು, ದೊಡ್ಡ ಲೆಕ್ಕದಲ್ಲಿ ಇಪ್ಪತ್ತು ಕಿಲೋ ದಾಟುತ್ತದೆ. ಇಪ್ಪತ್ತು ಕಿಲೋ ಹಿಟ್ಟಿಗೆ ಹನ್ನೆರಡು ಲೀಟರ್ ನೀರಾದರೂ ಬೇಕು. ಮೂವತ್ತು ಕಿಲೋ ದಾಟಿದ ಮುದ್ದೆಯನ್ನು ಒಬ್ಬಳೇ ನಾದುವುದು ಹೇಗೆಂದು ಮದುವೆ ಮನೆಯ ಅಡುಗೆಯವರನ್ನು ಕೇಳಿ. ಯೇಸುಸ್ವಾಮಿಯ ಮಾತು ಕೇಳುತ್ತಿದ್ದವರಿಗೆ ಈ ಅಳತೆ ಇನ್ನೊಂದು ಕಡೆಯಿಂದಲೂ ಪರಿಚಿತ. ಆದಿಕಾಂಡ 18:6ರಲ್ಲಿ, ಮಮ್ರೆಯ ಮರಗಳ ಬಳಿ ಮೂವರು ಅತಿಥಿಗಳು ಬಂದಾಗ, ಅಬ್ರಹಾಮನು ಸಾರಳಿಗೆ ಬೇಗ ನಾದು ಎಂದು ಹೇಳಿದ್ದೂ ಮೂರು ಸೆಆ ಹಿಟ್ಟನ್ನೇ. ಅದೇ ಊಟಕ್ಕೆ ಹಾಲಿನ ಜೊತೆ ಬಡಿಸಿದ ‘ಹೆಮ್ಆ’ ಎಂಬ ಪದಾರ್ಥವನ್ನು ಕೆಲವು ಅನುವಾದಗಳು ಬೆಣ್ಣೆ ಎನ್ನುತ್ತವೆ, ಕೆಲವು ಮೊಸರು ಎನ್ನುತ್ತವೆ.

ಎರಡನೆಯದು ಕ್ರಿಯಾಪದ. ನಾವು ‘ಕಲಸಿದಳು’ ಎಂದು ಓದಿಕೊಂಡು ಹೋಗುವ ಜಾಗದಲ್ಲಿ ಗ್ರೀಕಿನಲ್ಲಿರುವುದು ‘ಅಡಗಿಸಿಟ್ಟಳು’ ಎಂಬ ಅರ್ಥದ ಮಾತು. ಅಡುಗೆಗೆ ಅದು ವಿಚಿತ್ರ ಪದ. ಆದರೆ ಕನ್ನಡಕ್ಕೆ ವಿಚಿತ್ರವಲ್ಲ. ನಮ್ಮಲ್ಲಿ ‘ಹುದುಗು’ ಎಂದರೆ ಅಡಗು, ‘ಹುದುಗು ಬಂತು’ ಎಂದರೆ ಹಿಟ್ಟು ಉಬ್ಬಿತು. ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಈ ವಾಕ್ಯವನ್ನು ಓದಿಸುವಾಗ ಉಪದೇಶಕರು ಈ ಪದವನ್ನು ಯಾಕೆ ಬಳಸಿಕೊಳ್ಳುವುದಿಲ್ಲವೋ! ಹಾಲಿಗೆ ಬೆರೆಸಿದ ಹೆಪ್ಪನ್ನು ಐದು ನಿಮಿಷ ಬಿಟ್ಟು ವಾಪಸು ತೆಗೆಯಲು ಬರುವುದಿಲ್ಲ. ಎಲ್ಲಿದೆ ಎಂದು ತೋರಿಸಲೂ ಬರುವುದಿಲ್ಲ. ಪರಲೋಕರಾಜ್ಯ ಎಲ್ಲಿ ಕಾಣುತ್ತಿದೆ ಎಂದು ಕೇಳುವವರಿಗೆ ಸಾಮ್ಯ ಕೊಡುವ ಉತ್ತರ ಇಷ್ಟೇ: ಕಾಣದಿರುವುದು ಅದರ ಕೆಲಸದ ರೀತಿ. ಮಾರ್ಕ 4:27ರ ರೈತನೂ ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ, ಬೀಜ ಹೇಗೆ ಮೊಳೆಯಿತೋ ಅವನಿಗೆ ತಿಳಿಯದು. ಪಾತ್ರೆ ಅಲುಗಾಡಿಸಬೇಡಿ ಎಂಬ ಮಾತಿಗೆ ಆ ವಾಕ್ಯದ ಬಲವಿದೆ.

ನಿಂಬೆಹುಳಿಯ ಮಾತು ಹಾಗಲ್ಲ. ‘ಹುಳಿ ಹಿಂಡಿದರು’ ಎಂದರೆ ಸಂಬಂಧ ಕೆಡಿಸಿದರು ಎಂದೇ ಕನ್ನಡದಲ್ಲಿ ಅರ್ಥ. ನಿಜವನ್ನೇ ಹೇಳಿದರೂ, ಊಟಕ್ಕೆ ಕೂತ ಹತ್ತು ಜನರೆದುರು ಮಗನಿಗೋ ಸೊಸೆಗೋ ಒಮ್ಮೆಲೇ ಹೇಳಿದರೆ ಮನೆ ಒಡೆದ ಹಾಲಾಗುತ್ತದೆ. ಚೆನ್ನಾಗಿರುವ ಪಾಠ. ಆದರೆ ಇದನ್ನು ಕಲಿಸಿದ್ದು ಹಾಲು, ಮತ್ತಾಯ 13 ಅಲ್ಲ. ಇದಕ್ಕೆ ವಾಕ್ಯದ ಆಧಾರ ಬೇಕಿದ್ದರೆ ಪ್ರೀತಿಯಿಂದ ಸತ್ಯ ನುಡಿಯುವ ಮಾತಿರುವ ಎಫೆಸ 4:15ಕ್ಕೆ ಹೋಗಬೇಕು. ವಸ್ತು ಹೇಳಿದ್ದು ಯಾವುದು, ವಾಕ್ಯ ಹೇಳಿದ್ದು ಯಾವುದು ಎಂದು ಬೇರೆ ಬೇರೆ ಇಟ್ಟುಕೊಂಡರೆ ಕುಟುಂಬ ಪ್ರಾರ್ಥನೆಯ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೊದಲ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಪೌಲನ ಮಾತನ್ನೂ ಇಲ್ಲಿಗೆ ತಂದು ಅಂಟಿಸಬಾರದು. ಸ್ವಲ್ಪ ಹುಳಿ ಕಣಕವನ್ನೆಲ್ಲ ಹುಳಿಮಾಡುತ್ತದೆ ಎಂದು ಅವನು ಎರಡು ಕಡೆ ಬರೆದ. 1 ಕೊರಿಂಥ 5:6ರಲ್ಲಿ ಸಭೆಯೊಳಗಿನ ಒಬ್ಬನ ಅನೈತಿಕ ಸಂಬಂಧ ಮತ್ತು ಅದನ್ನು ಕಂಡೂ ಉಬ್ಬಿಕೊಂಡಿದ್ದ ಸಭೆಯ ಬಗ್ಗೆ, ಗಲಾತ್ಯ 5:9ರಲ್ಲಿ ಸುನ್ನತಿ ಮಾಡಿಸಿಕೊಳ್ಳಲೇಬೇಕೆಂದ ಬೋಧನೆಯ ಬಗ್ಗೆ. ಅವನ ಕಣ್ಣೆದುರು ಇದ್ದದ್ದು ಹಿಂಡುವ ಹುಳಿಯಲ್ಲ, ಹಳೇ ಹುಳಿ. ಆ ಕಾಲದಲ್ಲಿ ಪೊಟ್ಟಣದ ಈಸ್ಟ್ ಇರಲಿಲ್ಲ. ಇವತ್ತು ನಾದಿದ ಕಣಕದಲ್ಲಿ ಒಂದು ಮುದ್ದೆ ಎತ್ತಿಟ್ಟು, ನಾಳೆಯ ಹಿಟ್ಟಿಗೆ ಸೇರಿಸುವುದು. ಅದರಿಂದ ಇನ್ನೊಂದು ಮುದ್ದೆ ನಾಡಿದ್ದಿಗೆ. ನಮ್ಮ ಹೆಪ್ಪಿನ ಲೆಕ್ಕವೂ ಇದೇ. ಹೆಪ್ಪು ಕೆಟ್ಟಿದ್ದರೆ ಹಾಲು ಎಷ್ಟೇ ಒಳ್ಳೆಯದಾಗಿರಲಿ, ಮೊಸರು ದಿನವೂ ಅದೇ ವಾಸನೆ, ಅದೇ ಲೋಳೆ. ಹಾಲಿನವನನ್ನು ಬದಲಾಯಿಸಿ ಪ್ರಯೋಜನವಿಲ್ಲ. ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದು, ಹಳೆಯದನ್ನು ಪೂರ್ತಿ ನಿಲ್ಲಿಸಿ, ಪಕ್ಕದ ಮನೆಯಿಂದ ಹೊಸ ಹೆಪ್ಪು ಕೇಳಿ ತರಬೇಕು. ಐಗುಪ್ತದಿಂದ (ಈಜಿಪ್ಟಿನಿಂದ) ಬಿಡುಗಡೆಯಾದದ್ದನ್ನು ನೆನೆಯುವ ಯೆಹೂದ್ಯರ ಪಸ್ಕ ಹಬ್ಬದ ಏಳು ದಿನ ಮನೆಯಲ್ಲಿ ಹುಳಿಹಿಟ್ಟು ಇರಲೇಬಾರದು ಎಂಬ ವಿಮೋಚನಕಾಂಡ 12ರ ವಿಧಿ ವರ್ಷಕ್ಕೊಮ್ಮೆ ಈ ಸರಪಳಿಯನ್ನು ಕಡಿದುಹಾಕುತ್ತಿತ್ತು. ಹಳೆಯದನ್ನು ತೆಗೆದುಹಾಕಿ ಎಂದು ಪೌಲ ಹೇಳುವುದು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು. ಅವನು ಕಾರಣ ಕೊಡುವ ಕ್ರಮ ನೋಡಿ: ನಮ್ಮ ಪಸ್ಕದ ಕುರಿಮರಿಯಾದ ಕ್ರಿಸ್ತನ ಬಲಿ ಆಗಿಹೋಗಿದೆ, ನೀವು ಈಗಾಗಲೇ ಹುಳಿಯಿಲ್ಲದವರು, ಆದ್ದರಿಂದ ಮನೆ ಗುಡಿಸಿ. ಗುಡಿಸಿದ ಮೇಲೆ ಬಲಿ ಎಂದಲ್ಲ.

ಇಡ್ಲಿ ಹಿಟ್ಟಿಗೂ ಇದೇ ಸಾಮ್ಯ ಹೊಂದುತ್ತದೆ ಎಂದು ಹೇಳುವುದುಂಟು. ಹೊಂದುವುದಿಲ್ಲ. ಮೂರು ಲೋಟ ಇಡ್ಲಿ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ, ಐದು ಗಂಟೆ ನೆನೆಹಾಕಿ, ಉದ್ದನ್ನು ತಣ್ಣೀರು ಚಿಮುಕಿಸುತ್ತ ಹಗುರಾಗಿ ರುಬ್ಬಿ (ಒಂದು ಹನಿ ನೀರಿಗೆ ಬಿಟ್ಟರೆ ತೇಲಬೇಕು), ಎರಡನ್ನೂ ಬೆರೆಸಿ, ಪಾತ್ರೆಯ ಅರ್ಧಕ್ಕೆ ಮಾತ್ರ ತುಂಬಿ ಇಟ್ಟರೆ ತಾನೇ ಹುದುಗು ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ ಎಂಟು ಗಂಟೆ ಸಾಕು, ಡಿಸೆಂಬರಿನ ಬೆಂಗಳೂರಿನಲ್ಲಿ ಹದಿನಾಲ್ಕು ಗಂಟೆಯಾದರೂ ಹಿಡಿಯುತ್ತದೆ. ಇಲ್ಲಿ ಯಾರೂ ಏನನ್ನೂ ಅಡಗಿಸಿಡಲಿಲ್ಲ. ಉಬ್ಬಿಸುವ ಜೀವಾಣುಗಳು ಬೇಳೆಯ ಜೊತೆಯಲ್ಲೇ ಬಂದಿರುತ್ತವೆ. ಬೇಕಾದದ್ದು ನೀರು ಮತ್ತು ಸಮಯ.

ಹಾಗಾಗಿ ಇಡ್ಲಿ ಹಿಟ್ಟು ನಮ್ಮನ್ನು ಕರೆದೊಯ್ಯುವುದು ಮತ್ತಾಯಕ್ಕಲ್ಲ, ವಿಮೋಚನಕಾಂಡ 12:39ಕ್ಕೆ. ಐಗುಪ್ತದಿಂದ ಹೊರಡಿಸಲ್ಪಟ್ಟ ಇಸ್ರಾಯೇಲ್ಯರು ತಡಮಾಡಲು ಆಗದೆ ಹುಳಿಯಿಲ್ಲದ ಕಣಕದಲ್ಲೇ ರೊಟ್ಟಿ ಸುಟ್ಟರು. ಯೆಹೂದ್ಯರು ಈಗಲೂ ಪಸ್ಕದ ರೊಟ್ಟಿ ಮಾಡುವಾಗ ಹಿಟ್ಟಿಗೆ ನೀರು ತಾಗಿದ ಹೊತ್ತಿನಿಂದ 18 ನಿಮಿಷದೊಳಗೆ ಬೇಯಿಸಿ ಮುಗಿಸುತ್ತಾರೆ. ಹುಳಿಯನ್ನು ಹೊರಗಿನಿಂದ ಹಾಕದಿದ್ದರೂ ಸುಮ್ಮನೆ ಬಿಟ್ಟ ಹಿಟ್ಟು ತಾನೇ ಹುಳಿಯಾಗುತ್ತದೆ ಎಂಬುದು ಆ ನಿಯಮದ ಹಿಂದಿನ ತಿಳಿವಳಿಕೆ. ಸಿಟ್ಟಿನ ಮೇಲೆ ಸೂರ್ಯ ಮುಳುಗದಿರಲಿ ಎಂಬ ಎಫೆಸ 4:26ನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ರಾತ್ರಿಯಿಡೀ ಮುಚ್ಚಿಟ್ಟ ಸಿಟ್ಟಿಗೆ ಬೇರೆ ಯಾರೂ ಹೆಪ್ಪು ಹಾಕಬೇಕಿಲ್ಲ.

ಬೇಸಿಗೆಯಲ್ಲಿ ಹಿಟ್ಟು ಅತಿಯಾಗಿ ಹುಳಿಯಾಗದಿರಲಿ ಎಂದು ರುಬ್ಬಿದ ಕೂಡಲೇ ಉಪ್ಪು ಹಾಕುವವರಿದ್ದಾರೆ, ಚಳಿಯಲ್ಲಿ ಅದೇ ಉಪ್ಪನ್ನು ಬೆಳಿಗ್ಗೆಗೆ ಉಳಿಸುತ್ತಾರೆ. ಉಪ್ಪು ಹುಳಿಯ ಓಟಕ್ಕೆ ಲಗಾಮು ಹಾಕುತ್ತದೆ. ಯಾಜಕಕಾಂಡ 2:11 ವೇದಿಯ ಮೇಲೆ ಸುಡುವ ಧಾನ್ಯನೈವೇದ್ಯದಲ್ಲಿ ಹುಳಿಹಿಟ್ಟು ಬೇಡ ಎನ್ನುತ್ತದೆ, ಎರಡು ವಾಕ್ಯ ಕೆಳಗೆ 2:13 ಉಪ್ಪು ಇರಲೇಬೇಕು ಎನ್ನುತ್ತದೆ. ಅಡುಗೆಮನೆಯಲ್ಲಿ ಕೈಯಾಡಿಸಿದವರಿಗೆ ಈ ಜೋಡಿ ಬೇಗ ಕಣ್ಣಿಗೆ ಬೀಳುತ್ತದೆ.

ಹಾಗಂತ ಹುಳಿಹಿಟ್ಟು ಎಂದರೆ ಎಲ್ಲ ಕಡೆಯೂ ಪಾಪ ಎಂದು ಹಟ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಆ ಹಟದಲ್ಲಿ ಮತ್ತಾಯ 13:33ನ್ನು ಕೂಡ ಸಭೆಯೊಳಗೆ ಹಬ್ಬುವ ಕೆಡುಕಿನ ಸಾಮ್ಯವೆಂದು ತಿರುಗಿಸುವವರಿದ್ದಾರೆ. ಪರಲೋಕರಾಜ್ಯ ಇದಕ್ಕೆ ಹೋಲಿಕೆ ಎಂದು ವಾಕ್ಯವೇ ಬಾಯಿಬಿಟ್ಟು ಹೇಳುತ್ತಿದೆ. ಅದರ ಹಿಂದಿನ ಸಾಮ್ಯ ಸಾಸಿವೆ ಕಾಳಿನದು, ಅದೂ ಚಿಕ್ಕದು ದೊಡ್ಡದಾಗುವ ಮಾತು. ಮೇಲಾಗಿ ಯಾಜಕಕಾಂಡ 23:17ರಲ್ಲಿ ಪಂಚಾಶತ್ತಮ ದಿನಕ್ಕೆ, ಅಂದರೆ ಪಸ್ಕದ ಬಳಿಕ ಐವತ್ತನೇ ದಿನದ ಹಬ್ಬಕ್ಕೆ, ಕರ್ತನ ಮುಂದೆ ತರಬೇಕಾದ ಎರಡು ರೊಟ್ಟಿಗಳು ಹುಳಿ ಹಾಕಿ ಸುಟ್ಟವೇ. ರೊಟ್ಟಿಯ ಹುಳಿ ಕ್ರೈಸ್ತರಲ್ಲೇ ಜಗಳವೆಬ್ಬಿಸಿದ ವಿಷಯ: ಪ್ರಭುಭೋಜನಕ್ಕೆ ಹುಳಿಯಿಲ್ಲದ ರೊಟ್ಟಿಯೋ ಹುಳಿರೊಟ್ಟಿಯೋ ಎಂಬುದು 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಸಭೆಗಳು ಬೇರೆಯಾದಾಗಿನ ವಾದಗಳಲ್ಲಿ ಒಂದಾಗಿತ್ತು.

ಹೊರಗಿನಿಂದ ಹಾಕಿ ಅಡಗಿಸುವುದಕ್ಕೆ ಕರಾವಳಿಯ ಕ್ರೈಸ್ತರ ಮನೆಯಲ್ಲಿ ಹೆಪ್ಪಿಗಿಂತ ಹತ್ತಿರದ ಉದಾಹರಣೆ ಇಡ್ಲಿಯಂಥ ತಿಂಡಿ ಸನ್ನ. ಅಕ್ಕಿ, ಸ್ವಲ್ಪ ಉದ್ದು, ಅದನ್ನು ಉಬ್ಬಿಸಲು ಬೆಳಿಗ್ಗೆ ಇಳಿಸಿದ ಕಳ್ಳು. ಕಳ್ಳು ಸಿಗದ ಕಡೆ ಈಸ್ಟ್, ಒಂದು ಚಿಟಿಕೆ ಸಕ್ಕರೆ ಹಾಕಿದ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟು. ಆ ಹತ್ತು ನಿಮಿಷದಲ್ಲಿ ನೊರೆ ಬರದಿದ್ದರೆ ಈಸ್ಟ್ ಸತ್ತಿದೆ ಎಂದರ್ಥ. ಮೂರು ಲೋಟ ಹಿಟ್ಟು ಹಾಳಾಗುವ ಮೊದಲೇ ತಿಳಿಯುವುದು ಒಳ್ಳೆಯದು. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಈ ಸಾಮ್ಯ ಹೇಳುವವರು ಒಂದು ಗಾಜಿನ ಲೋಟದಲ್ಲಿ ಇದನ್ನೇ ಮಾಡಿ ತೋರಿಸಬಹುದು. ಹೆಪ್ಪಿಗೆ ಆರು ಗಂಟೆ ಕಾಯಿಸಲು ಮಕ್ಕಳನ್ನು ಕೂರಿಸುವವರಾರು?

ಮನೆಯಲ್ಲಿ ಇದನ್ನು ರೂಢಿಸಿಕೊಳ್ಳಲು ವಾರಕ್ಕೆ ಒಂದು ವಸ್ತು ಸಾಕು. ಸೋಮವಾರ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂದು ನಾಲ್ಕು ಸಾಲು ಬರೆಯಿರಿ, ವಾಕ್ಯ ತೆರೆಯದೆ. ಆಮೇಲೆ ಆ ಪದ ಸತ್ಯವೇದದಲ್ಲಿ ಬರುವ ಜಾಗಗಳನ್ನೆಲ್ಲ ಹುಡುಕಿ. ಮೊಬೈಲಿನ ಬೈಬಲ್ ಆ್ಯಪ್‌ನಲ್ಲಿ ‘ಹುಳಿ’ ಎಂದು ಹಾಕಿದರೆ ಬರುತ್ತವೆ. ಒಂದು ವಾಕ್ಯ ಸಿಕ್ಕಿತೆಂದು ನಿಲ್ಲದೆ ಆ ಅಧ್ಯಾಯವನ್ನು ಪೂರ್ತಿ ಓದಬೇಕು. ಹಳೆಯ ಅನುವಾದ, ಹೊಸ ಅನುವಾದ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಸೇರು-ಅಳತೆಯಂಥ ಕಡೆ ಕಾಲು ಜಾರುವುದಿಲ್ಲ. ಕೊನೆಯ ಸಾಲಿನಲ್ಲಿ ಈ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂದು ಬರೆಯಿರಿ. ಬಹಳ ಮಂದಿ ಬಿಟ್ಟುಬಿಡುವುದು ಈ ಸಾಲನ್ನೇ.

ಹೆಪ್ಪಿನ ವಿಷಯದಲ್ಲಿ ಅದು ನಿಲ್ಲುವ ಜಾಗ ನಮಗೆಲ್ಲ ಗೊತ್ತು. ಹಿಟ್ಟೆಲ್ಲ ಹುಳಿಯಾಯಿತು ಎಂಬಲ್ಲಿಗೆ ಯೇಸುಸ್ವಾಮಿ ಸಾಮ್ಯವನ್ನು ಮುಗಿಸುತ್ತಾರೆ. ನಮ್ಮ ಪಾತ್ರೆಯಲ್ಲಿರುವ ಜೀವಾಣುಗಳು ಅಲ್ಲಿಗೆ ಮುಗಿಸುವುದಿಲ್ಲ, ಮರುದಿನವೂ ಕೆಲಸ ಮಾಡುತ್ತಲೇ ಇರುತ್ತವೆ. ಮೂರನೇ ದಿನದ ಮೊಸರನ್ನು ಪರಲೋಕರಾಜ್ಯಕ್ಕೆ ಹೋಲಿಸಲು ಹೋಗದೆ, ಒಂದು ಚಮಚ ಹೊಸ ಹೆಪ್ಪು ಬೇರೆ ತೆಗೆದಿಟ್ಟುಕೊಂಡು, ಉಳಿದದ್ದಕ್ಕೆ ಬೂದುಗುಂಬಳ ಹೆಚ್ಚಿ ಮಜ್ಜಿಗೆಹುಳಿ ಮಾಡಿಬಿಡಿ.