ಬಾಡಿಗೆಯಿಂದ ಹಿಂದಕ್ಕೆ ಬಂದು ಮನೆಯ ಬೆಲೆ ಕಟ್ಟುವುದು

ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆಗೆ ಬಿಡಲೆಂದೇ ಮನೆ ನೋಡುವವರೂ ಮೊದಲು ಕೇಳುವುದು "ಸ್ಕ್ವೇರ್ ಫೂಟಿಗೆ ಎಷ್ಟು ನಡದೈತ್ರಿ?" ಅಂತಲೇ. ಪ್ಲಾಟ್ ಹಿಡಿದು ಹತ್ತು ವರ್ಷ ಸುಮ್ಮನೆ ಕೂರುವವರಿಗೆ ಅದು ಸರಿಯಾದ ಪ್ರಶ್ನೆ. ತಿಂಗಳ ಬಾಡಿಗೆ ನಂಬಿ ಕೊಳ್ಳುವವರು ಕೇಳಬೇಕಾದದ್ದು ಬೇರೆ: ಈ ಓಣಿಯಲ್ಲಿ ಇಂಥ ಮನೆಗೆ ಇವತ್ತು ಕೈಗೆ ಬರುವ ಬಾಡಿಗೆ ಎಷ್ಟು?

ಉತ್ತರ ಮಾರುವವರ ಬಾಯಿಂದ ಬಂದರೆ ಸಾಲದು. ಮಾರುವ ಮುಂಚೆ ಪರಿಚಯದವರನ್ನು ಬಾಡಿಗೆಗೆ ಕೂರಿಸಿ, ಕಾಗದದ ಮೇಲೆ ಎರಡು ಸಾವಿರ ಏರಿಸಿ ತೋರಿಸುವುದು ಹಳೆಯ ಆಟ. ಹಿಂದಿನ 12 ತಿಂಗಳು ಬಾಡಿಗೆ ಜಮಾ ಆದ ಬ್ಯಾಂಕ್ ಪಾಸ್‌ಬುಕ್ ಅಥವಾ ಫೋನ್‌ಪೇ ದಾಖಲೆ ಕೇಳಿ. ಅದೇ ಓಣಿಯಲ್ಲಿ "ಮನೆ ಬಾಡಿಗೆಗಿದೆ" ಬೋರ್ಡಿನ ನಾಲ್ಕೈದು ನಂಬರಿಗೆ ಬಾಡಿಗೆದಾರರ ಹಾಗೆ ಫೋನ್ ಮಾಡಿ. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿದ್ದರೆ ಮನೆ ಎಷ್ಟು ದಿನದಿಂದ ಖಾಲಿ ಇದೆ ಎಂಬುದೂ ತಿಳಿಯುತ್ತದೆ. ಮೂಲೆಯ ಕಿರಾಣಿ ಅಂಗಡಿಯವರಿಗೆ ದಲ್ಲಾಳಿಗಿಂತ ಹೆಚ್ಚು ಗೊತ್ತಿರುತ್ತದೆ.

ಬಾಡಿಗೆದಾರರು ಯಾರು ಎಂಬುದರ ಮೇಲೆ ಮನೆ ಖಾಲಿ ಬೀಳುವ ಕಾಲವೂ ನಿಂತಿದೆ. ಧಾರವಾಡದ ಸಪ್ತಾಪುರದ ರೂಮುಗಳು ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರ ಮೇಲೆ ನಡೆಯುತ್ತವೆ. ಸರ್ಕಾರಿ ನೇಮಕಾತಿ ನಿಂತರೆ ರೂಮುಗಳೂ ಖಾಲಿಯಾಗುತ್ತವೆ. ವಿದ್ಯಾನಗರದಲ್ಲಿ ಕಾಲೇಜು ಮತ್ತು ಕಿಮ್ಸ್ ಆಸ್ಪತ್ರೆ ಎರಡೂ ಹತ್ತಿರ ಇರುವುದರಿಂದ ಬೇಡಿಕೆ ಒಂದೇ ಗಿರಾಕಿಗೆ ಕಟ್ಟುಬಿದ್ದಿಲ್ಲ. ಕೇಶ್ವಾಪುರದ ಕಡೆ ರೈಲ್ವೆ ನೌಕರರ ಕುಟುಂಬಗಳು ಸಿಗುತ್ತವೆ. ಬಾಡಿಗೆ ನೂರಿನ್ನೂರು ಕಡಿಮೆಯಾದರೂ ವರ್ಷಗಟ್ಟಲೆ ಇರುವ ಕುಟುಂಬವೇ ಲಾಭ.

ಈಗ ಲೆಕ್ಕ. ಒಂದು ಉದಾಹರಣೆ ಹಿಡಿಯೋಣ: 30×40ರ ಜಾಗದಲ್ಲಿ ಕೆಳಗೆ ಎರಡು ಬೆಡ್‌ರೂಮಿನ ಮನೆ, ಬಾಡಿಗೆ 12,000, ಮೇಲೆ ಎರಡು ಸಣ್ಣ ಮನೆ, ತಲಾ 7,000. ತಿಂಗಳಿಗೆ 26,000, ವರ್ಷಕ್ಕೆ 3,12,000. ಇದರಲ್ಲಿ ಸರಾಸರಿ ಒಂದು ತಿಂಗಳ ಖಾಲಿ 26,000, ಮನೆ ತೆರಿಗೆ 12,000, ಸುಣ್ಣ-ಬಣ್ಣ, ನಲ್ಲಿ, ಮೋಟಾರು ರಿಪೇರಿ 24,000, ಸಂಪಿನ ಮೋಟಾರು ಮತ್ತು ಮೆಟ್ಟಿಲಿನ ಕರೆಂಟು 10,000 ಕಳೆಯಿರಿ. ಉಳಿಯುವುದು 2,40,000.

ಮಾರುವವರು 80 ಲಕ್ಷ ಹೇಳಿದರೆ ನಿಮ್ಮ ಖರ್ಚು 80 ಅಲ್ಲ. ನಗರದಲ್ಲಿ ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2%. ಅಲ್ಲಿಗೆ 7.6%, ಅಂದರೆ 6.08 ಲಕ್ಷ. ದಲ್ಲಾಳಿಗೆ 1%, ಮೊದಲ ರಿಪೇರಿಗೆ ಒಂದೂವರೆ ಲಕ್ಷ ಹಿಡಿದರೆ ಒಟ್ಟು 88.4 ಲಕ್ಷ ಹತ್ತಿರ. 2.4 ಲಕ್ಷದ ಆದಾಯ ಅದಕ್ಕೆ ಶೇಕಡ 2.7 ಮಾತ್ರ. ಬ್ಯಾಂಕಿನ ಠೇವಣಿ ಇದಕ್ಕಿಂತ ಎಷ್ಟೋ ವಾಸಿ. 50 ಲಕ್ಷ ಸಾಲ ಮಾಡಿದರೆ 8.5% ಬಡ್ಡಿಗೆ, 20 ವರ್ಷಕ್ಕೆ ಕಂತು ಸುಮಾರು 43,400. ಖರ್ಚು ಕಳೆಯುವ ಮುಂಚೆಯೇ ತಿಂಗಳಿಗೆ 17,000 ಜೇಬಿನಿಂದ ಹಾಕಬೇಕು.

ಆದ್ದರಿಂದ ಲೆಕ್ಕವನ್ನು ತಿರುಗಿಸಿ. ನಿಮಗೆ ಕನಿಷ್ಠ 4% ಬೇಕು ಎಂದರೆ 2.4 ಲಕ್ಷವನ್ನು 0.04ರಿಂದ ಭಾಗಿಸಿ: 60 ಲಕ್ಷ. ಇದರಲ್ಲಿ ರಿಪೇರಿ, ಶುಲ್ಕ, ದಲಾಲಿ ತೆಗೆದರೆ ಮಾರುವವರಿಗೆ ಕೊಡಬಹುದಾದದ್ದು 54 ಲಕ್ಷದ ಆಸುಪಾಸು. ಹೆಚ್ಚಿನ ಮನೆಗಳು ಈ ಜರಡಿಯಲ್ಲಿ ನಿಲ್ಲುವುದಿಲ್ಲ, ಅದು ಸಹಜ. ಬೆಲೆ ಏರುತ್ತದೆ ಎಂಬ ಆಸೆಯನ್ನು ಬಾಡಿಗೆ ಲೆಕ್ಕದಲ್ಲಿ ಬೆರೆಸಬೇಡಿ. ಬೆರೆಸಿದರೆ ಯಾವ ಬೆಲೆಯೂ ಸರಿಯೆನಿಸುತ್ತದೆ.

ಲೆಕ್ಕದಲ್ಲಿ ಪಾಸಾದ ಮನೆಯನ್ನು ಮಾತ್ರ ನೋಡಲು ಹೋಗಿ, ಮೊದಲು ಸಂಪಿನ ಮುಚ್ಚಳ ಎತ್ತಿ. ಇಪ್ಪತ್ನಾಲ್ಕು ತಾಸು ನೀರಿನ ಏರಿಯಾ ಬೇರೆ, ವಾರಕ್ಕೊಮ್ಮೆ ನಳ ಬರುವ ಏರಿಯಾ ಬೇರೆ. ಮೂರು ಮನೆಯ 12 ಜನಕ್ಕೆ ತಲಾ 100 ಲೀಟರ್ ಎಂದರೆ ದಿನಕ್ಕೆ 1,200, ವಾರಕ್ಕೆ 8,400 ಲೀಟರ್. ಏಳಡಿ ಉದ್ದ, ಏಳಡಿ ಅಗಲ, ಏಳಡಿ ಆಳದ ಸಂಪು ಸುಮಾರು 9,700 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದಿದ್ದರೆ ಟ್ಯಾಂಕರ್ ಖರ್ಚು ನಿಮ್ಮ ತಲೆಗೆ, ಇಲ್ಲವೇ ಬೇಸಿಗೆಯಲ್ಲಿ ಮನೆ ಖಾಲಿ.

ಆಮೇಲೆ ಗೋಡೆ. ಹುಬ್ಬಳ್ಳಿಯಿಂದ ಗದಗ, ನವಲಗುಂದದ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಮೇಲ್ಮಟ್ಟದಲ್ಲೇ ನಿಂತಿದ್ದರೆ ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗಿಲಾವಿನ ಕೂದಲೆಳೆ ಬಿರುಕಿಗೆ ಹೆದರಬೇಡಿ; ನಾಣ್ಯದ ಅಂಚು ತೂರುವಷ್ಟಿದ್ದು, ಹೊರಗಿನ ಗೋಡೆಯಲ್ಲೂ ಅದೇ ಜಾಗದಲ್ಲಿ ಕಂಡರೆ ಇಂಜಿನಿಯರ್ ಕರೆಸಿ. ಮಾರಾಟಕ್ಕೆ ಮುಂಚೆ ಹೊಸ ಬಣ್ಣ ಬಳಿದ ಮನೆಯಲ್ಲಿ ಕಪಾಟಿನ ಒಳಗೆ, ಮೆಟ್ಟಿಲ ಕೆಳಗೆ ನೋಡಿ, ಅಲ್ಲಿ ಯಾರೂ ಬಣ್ಣ ಬಳಿದಿರುವುದಿಲ್ಲ. ಬಾಗಿಲು ಮಳೆಗಾಲದಲ್ಲಷ್ಟೇ ಬಿಗಿಯಾಗುತ್ತದೆಯೇ ಎಂದು ಬಾಡಿಗೆದಾರರನ್ನು ಕೇಳಿ. ಆದರೆ ಆ ಒಂದೇ ಗುರುತು ನಂಬಬೇಡಿ, ಕಟ್ಟಿಗೆಯೂ ಮಳೆಗೆ ಉಬ್ಬುತ್ತದೆ.

ಮೀಟರ್ ಎಣಿಸುವುದನ್ನು ಮರೆಯಬೇಡಿ. ಗೃಹಜ್ಯೋತಿ ಬಂದ ಮೇಲೆ ಸ್ವಂತ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ) ಇಲ್ಲದ ಮನೆ ಬಾಡಿಗೆದಾರರಿಗೆ ಬೇಡ. ಸ್ವಾಧೀನ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ಹೆಸ್ಕಾಂನಿಂದ ಹೊಸ ಮೀಟರ್ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. "ಆಮೇಲೆ ಹಾಕಿಸಿಕೊಳ್ರಿ" ಎನ್ನುವ ಮಾತಿಗೆ ಬೆಲೆ ಕಟ್ಟಬೇಡಿ.

ಕಾಗದದಲ್ಲಿ ಎಡವುವುದು ಹೆಚ್ಚಾಗಿ ಪಿತ್ರಾರ್ಜಿತ ಮನೆಯಲ್ಲಿ. ಸಿಟಿ ಸರ್ವೆ ಉತಾರದಲ್ಲಿ (ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ದಾಖಲೆ) ಅಣ್ಣತಮ್ಮಂದಿರ ಹೆಸರಷ್ಟೇ ಇರುತ್ತದೆ, ಅಕ್ಕತಂಗಿಯರದು ಇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲಿದೆ. ವಂಶವೃಕ್ಷ ತೆಗೆಸಿ, ಎಲ್ಲರ ಸಹಿ ಖರೀದಿ ಪತ್ರದ ಮೇಲೆ ಬೀಳಲಿ. ಜೊತೆಗೆ ಇ-ಖಾತಾ, 30 ವರ್ಷದ ಋಣಭಾರ ಪತ್ರ, ಬಡಾವಣೆಯ ಎನ್‌ಎ (ಕೃಷಿಯೇತರ) ಆದೇಶ, ಕಟ್ಟಡ ಪರವಾನಿಗಿಯ ನಕಾಶೆ ಬೇಕು. ನಕಾಶೆಯಲ್ಲಿ ಎರಡು ಮಹಡಿ, ನೆಲದ ಮೇಲೆ ಮೂರು ಇದ್ದರೆ ಮೂರನೆಯದರ ಬಾಡಿಗೆಯನ್ನು ಲೆಕ್ಕದಿಂದಲೇ ತೆಗೆಯಿರಿ.

ಬ್ಯಾಂಕ್ ಹರಾಜಿನ ಮನೆ ಅಗ್ಗ ಕಾಣುತ್ತದೆ. ನೋಟಿಸಿನಲ್ಲಿ ಸ್ವಾಧೀನ "ಸಾಂಕೇತಿಕ" ಎಂದಿದ್ದರೆ ಒಳಗೆ ಜನ ಇನ್ನೂ ಇದ್ದಾರೆ ಎಂದೇ ತಿಳಿಯಿರಿ. ಗೆದ್ದ ದಿನವೇ ಅಥವಾ ಮುಂದಿನ ಕೆಲಸದ ದಿನದೊಳಗೆ ಬೆಲೆಯ 25% ಕಟ್ಟಬೇಕು, ಉಳಿದದ್ದು ಮಾರಾಟ ಖಾತ್ರಿಯಾದ 15 ದಿನದಲ್ಲಿ. ಗಡುವು ತಪ್ಪಿದರೆ ಕಟ್ಟಿದ್ದೂ ಹೋಗುತ್ತದೆ. ಸಾಲ ಮೊದಲೇ ಮಂಜೂರಾಗಿರದಿದ್ದರೆ ಆ ಕಡೆ ಹೋಗಬೇಡಿ.

ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡುವ ಖರೀದಿ ಕರಾರು) ಬರೆಸುವಾಗ ಒಂದು ಸಾಲು ಬಹಳ ಜನ ಬಿಡುತ್ತಾರೆ: ಈಗಿರುವ ಬಾಡಿಗೆದಾರರ ಡಿಪಾಸಿಟ್. ಹಣ ಹಳೆಯ ಮಾಲೀಕರ ಕೈಯಲ್ಲಿ, ಬಿಡುವಾಗ ಕೇಳುವುದು ನಿಮ್ಮನ್ನು. ಪ್ರತಿ ಬಾಡಿಗೆದಾರರಿಂದಲೂ "ಇಷ್ಟು ಕೊಟ್ಟಿದ್ದೇನೆ" ಎಂದು ಬರೆಸಿಕೊಂಡು, ಆ ಮೊತ್ತವನ್ನು ಕೊನೆಯ ಕಂತಿನಲ್ಲಿ ಮುರಿದುಕೊಳ್ಳಿ.