ಸರ್ಟಿಫಿಕೇಟ್‌ಗೆ ಸಿಗದ ಏಳನೇ ಹಂತ

ಟೆಕ್ನಿಕಲ್ ರೈಟರ್‌ಗಳ, ಅಂದರೆ ಸಾಫ್ಟ್‌ವೇರ್ ಬಳಸುವ ಕೈಪಿಡಿ ಬರೆಯುವವರ, ಸಂದರ್ಶನ ನನ್ನ ಪಾಲಿಗೆ ಬಂದಾಗಿನಿಂದ ಟೀಮಿನವರು ಕೇಳುವ ಪ್ರಶ್ನೆ ಒಂದೇ: ರೆಸ್ಯೂಮೆಯಲ್ಲಿ ಈ ಬರವಣಿಗೆಯ ಸರ್ಟಿಫಿಕೇಟ್ ಇದ್ದರೆ ಅದಕ್ಕೆ ಎಷ್ಟು ತೂಕ? ಸ್ವಲ್ಪ ಅನ್ನುತ್ತೇನೆ. ಸೊನ್ನೆಯಂತೂ ಅಲ್ಲ.

ನಾನು ಕೊಡುವುದು ಒಂದು ಪುಟದ ಪರೀಕ್ಷೆ. ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವ ವಿಧಾನ, ಬೇಕೆಂದೇ ಕೆಡಿಸಿ ಬರೆದದ್ದು. ಮೂರನೇ ಹಂತದಲ್ಲಿ 'ಹಳೆಯ ಕಾನ್ಫಿಗರೇಶನ್ ಫೈಲ್ ಅಳಿಸಿ' ಎಂದಿದೆ; ಸೆಟ್ಟಿಂಗ್‌ಗಳೆಲ್ಲ ಇರುವುದು ಆ ಫೈಲಿನಲ್ಲೇ. ಅದರ ಕೆಳಗೆ, ಅಳಿಸಿಯಾದ ಮೇಲೆ, 'ಎಚ್ಚರಿಕೆ: ಮೊದಲು ಸರ್ವೀಸ್ ನಿಲ್ಲಿಸಿ'. ಏಳನೆಯದು: 'ತೊಂದರೆಯಾದರೆ ಹಳೆಯ ಸೆಟ್ಟಿಂಗ್‌ಗಳಿಗೆ ಮರಳಿ'. ಮರಳುವುದು ಎಲ್ಲಿಂದ? ಬ್ಯಾಕಪ್ ತೆಗೆಯಲು ಯಾವ ಹಂತದಲ್ಲೂ ಹೇಳಿಲ್ಲ.

ಸರ್ಟಿಫಿಕೇಟ್ ಇದ್ದ ಒಬ್ಬರು ಎಚ್ಚರಿಕೆಯನ್ನು ಮೇಲಕ್ಕೆ ತಂದರು, ಉದ್ದ ವಾಕ್ಯಗಳನ್ನು ಮುರಿದರು, ಒಂದು ಹಂತಕ್ಕೆ ಒಂದೇ ಕ್ರಿಯೆ ಉಳಿಸಿದರು. ನೋಡಲು ಚೆಂದ. ಏಳನೇ ಹಂತ ಮಾತ್ರ ಹಾಗೇ ಉಳಿಯಿತು, ವ್ಯಾಕರಣ ತಿದ್ದಿಕೊಂಡು. ಸಪೋರ್ಟ್ ವಿಭಾಗದಿಂದ ಬಂದಿದ್ದ ಇನ್ನೊಬ್ಬರು ಎಚ್ಚರಿಕೆಯನ್ನು ಕದಲಿಸಲೇ ಇಲ್ಲ. ಆದರೆ ಅಂಚಿನಲ್ಲಿ ಬರೆದಿದ್ದರು: 'ಫೈಲೇ ಇಲ್ಲವಲ್ಲ, ಏನನ್ನು ಮರಳಿ ತರುವುದು?'

ಇಬ್ಬರಲ್ಲಿ ಎರಡನೆಯವರನ್ನೇ ತೆಗೆದುಕೊಂಡೆವು. ಎಚ್ಚರಿಕೆ ಎಲ್ಲಿರಬೇಕು ಎಂಬುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು. ಕೈಪಿಡಿಗಳಿಗೆಂದೇ ನಿಯಮ ಹಾಕಿ ಸರಳಗೊಳಿಸಿದ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್‌ನಲ್ಲಿ ಸೂಚನಾ ವಾಕ್ಯಕ್ಕೆ 20 ಪದ, ವಿವರಣೆಗೆ 25 ಪದ ಮಿತಿ ಎಂಬಂಥವೂ ಅಷ್ಟೇ. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಇವನ್ನು ಆಯ್ಕೆ ಪ್ರಶ್ನೆಗಳಾಗಿ ಕೇಳಬಹುದು, ಅಂಕ ಹಾಕಬಹುದು. ಪುಟದಲ್ಲಿ ಇಲ್ಲದಿರುವುದನ್ನು ಗುರುತಿಸುವ ಕಣ್ಣಿಗೆ ಅಂಕ ಹಾಕುವುದು ಹೇಗೆ?

ಹಾಗಾದರೆ ಪರೀಕ್ಷೆ ಬಿಟ್ಟು ಪೋರ್ಟ್‌ಫೋಲಿಯೋ, ಅಂದರೆ ಹಿಂದೆ ಬರೆದದ್ದರ ಮಾದರಿಗಳನ್ನು, ನೋಡಿ ಅನ್ನುವವರಿದ್ದಾರೆ. ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2011ರಲ್ಲಿ ಸರ್ಟಿಫಿಕೇಶನ್ ಶುರು ಮಾಡಿದ್ದು ಹಾಗೆಯೇ. ಆಮೇಲೆ ಅದೂ ಪರೀಕ್ಷೆಗೆ ಬದಲಾಯಿತು. ನನಗೆ ಪೋರ್ಟ್‌ಫೋಲಿಯೋ ಮೇಲೂ ಅಂಥ ನಂಬಿಕೆಯಿಲ್ಲ. ಒಳ್ಳೆಯ ಕೆಲಸ ಗೌಪ್ಯತೆ ಒಪ್ಪಂದದೊಳಗೆ ಸಿಕ್ಕಿಕೊಂಡಿರುತ್ತದೆ. ತೋರಿಸಿದ್ದರಲ್ಲಿ ಎಡಿಟರ್ ಕೈವಾಡ ಎಷ್ಟೋ. 1953ರಷ್ಟು ಹಳೆಯದಾದ ಆ ಸಂಸ್ಥೆಯೂ 2025ರಲ್ಲಿ ಬಾಗಿಲು ಹಾಕಿತು. ಅದರ ಸರ್ಟಿಫಿಕೇಟ್ ಪಡೆದವರ ಕೈಚಳಕವೇನೂ ಅಂದು ಕಡಿಮೆಯಾಗಲಿಲ್ಲ ಬಿಡಿ.

ಒಂದು ಲಾಭವನ್ನು ಒಪ್ಪಲೇಬೇಕು: ಸರ್ಟಿಫಿಕೇಟ್ ಇದ್ದವರೊಡನೆ ಮೊದಲ ವಾರದ ಮಾತು ಸಲೀಸು. ಟಾಸ್ಕ್ (ಮಾಡುವ ವಿಧಾನ), ಕಾನ್ಸೆಪ್ಟ್ (ವಿಷಯದ ವಿವರಣೆ), ರೆಫರೆನ್ಸ್ (ಬೇಕಾದಾಗ ನೋಡುವ ಮಾಹಿತಿ) ಎಂಬ ಬರಹದ ಬಗೆಗಳೆಂದರೆ ಏನೆಂದು ವಿವರಿಸುತ್ತ ಕೂರಬೇಕಿಲ್ಲ.

ಈಗ ಆ ಪುಟದ ಜೊತೆ ಖಾಲಿ ಹಾಳೆಯನ್ನೂ ಕೊಡುತ್ತೇನೆ: ತಿದ್ದುವ ಮೊದಲು ಡೆವಲಪರ್‌ಗೆ ಏನೇನು ಕೇಳುತ್ತೀರಿ, ಬರೆಯಿರಿ. ಅದನ್ನು ಓದಿದ ಮೇಲೆಯೇ ರೆಸ್ಯೂಮೆ ತೆರೆಯುವುದು.