1,240 ಪೌಂಡಿನ ಜಗಳ

ಹೋದ ವಾರ ನಮ್ಮವರ ಸಂಬಳದ ಚೀಟಿಯಲ್ಲಿ ಹೊಸದೊಂದು ಕಡಿತ ಕಾಣಿಸಿತು. ಕಳೆದ ಜುಲೈನಲ್ಲಿ ಟೆಕ್ಸಸ್‌ನ ಕಿಲೀನ್‌ನಿಂದ ವಾಷಿಂಗ್ಟನ್ ರಾಜ್ಯದ ಟಕೋಮಾಗೆ ಮನೆ ಬದಲಿಸಿದೆವಲ್ಲ, ಆ ಸಾಮಾನಿನ ಹೆಚ್ಚುವರಿ ತೂಕದ ಬಾಬ್ತು. ಒಟ್ಟು 1,800 ಡಾಲರ್ ಚಿಲ್ಲರೆ, ಕಂತುಗಳಲ್ಲಿ.

ಅಮೆರಿಕದ ಸೈನ್ಯದಲ್ಲಿ ವರ್ಗವಾದರೆ ಸಾಗಣೆಯ ಖರ್ಚು ಸರ್ಕಾರದ್ದು. ಆದರೆ ಹುದ್ದೆಗೊಂದು ಮಿತಿ. ನಮ್ಮವರಂಥ, ಸಂಸಾರವಿರುವ ಸಾರ್ಜೆಂಟ್‌ಗೆ 9,000 ಪೌಂಡ್, ಅಂದರೆ ನಾಲ್ಕು ಟನ್‌ಗೆ ತುಸು ಮೇಲೆ. ಸರ್ಕಾರ ಲಾರಿಯವರಿಗೆ ಪೂರ್ತಿ ಹಣ ಕೊಟ್ಟು, ಮಿತಿ ಮೀರಿದ ಪಾಲನ್ನು ಆಮೇಲೆ ಸಂಬಳದಲ್ಲಿ ಹಿಡಿಯುತ್ತದೆ. ಕೋಣೆಗೆ 1,000 ಪೌಂಡ್ ಎಂಬ ಅಂದಾಜಿನ ಮೇಲೆ ನಾವು ಎಂಟು ಸಾವಿರ ಅಂದುಕೊಂಡಿದ್ದೆವು. ಕೊನೆಗೆ ಲೆಕ್ಕಕ್ಕೆ ಹಿಡಿದ ತೂಕ 10,240.

ನನ್ನ ಅಪ್ಪ ಮಂಡ್ಯದ ಕಡೆಯ ಕಬ್ಬಿನ ರೈತ. ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ಗಾಡಿ ಹತ್ತಿದರೆ ಅವರ ಕಣ್ಣು ಮುಳ್ಳಿನ ಮೇಲೆಯೇ. ತುಂಬಿದ ಗಾಡಿಯ ತೂಕ, ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ, ಎರಡನ್ನೂ ಬೀಡಿಕಟ್ಟಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಇಲ್ಲಿಯೂ ಅದೇ ಲೆಕ್ಕ, ಸರದಿ ಮಾತ್ರ ತಿರುಗುಮುರುಗು: ಮೊದಲು ಖಾಲಿ, ಆಮೇಲೆ ತುಂಬಿದ್ದು. ಅಂಥವರ ಮಗಳಾಗಿ ನಾನು ಮಾಡಿದ್ದೇನು? ಲಾರಿಯವರಿಗೆ ನಿಂಬೆ ಪಾನಕ ಕೊಟ್ಟು ಕೈ ಬೀಸಿದೆ.

ಸಾಮಾನು ಇಳಿಸುವ ಮೊದಲು ಮರುತೂಕ ಕೇಳಬಹುದಿತ್ತು. ಅದಕ್ಕೆ ನಾವು ಕಾಸು ಕೊಡಬೇಕಿಲ್ಲ, ಕಡಿಮೆ ಬಂದರೆ ಆ ತೂಕವೇ ಲೆಕ್ಕಕ್ಕೆ. ನಮಗೆ ಇದು ತಿಳಿದದ್ದು ಸೋಫಾ ಹಾಲಿನಲ್ಲಿ ಕೂತ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಬೇರೆ. ಕೆಲಸಕ್ಕೆ ಬೇಕಾದ ಪುಸ್ತಕ, ಸಲಕರಣೆಗಳನ್ನು 'ಪ್ರೊ ಗೇರ್' ಎಂದು ಬೇರೆ ತೂಗಿಸಿದರೆ ಅದು ಮಿತಿಗೆ ಸೇರುವುದಿಲ್ಲ. ಸೈನಿಕರಿಗೆ 2,000 ಪೌಂಡ್‌ವರೆಗೆ, ಗಂಡ ಅಥವಾ ಹೆಂಡತಿಯ ಕೆಲಸದ ವಸ್ತುಗಳಿಗೆ 500. ನಾನು ನರ್ಸ್. ನನ್ನ ಪುಸ್ತಕಗಳಿದ್ದವು, ಅವರ ಹೆಲ್ಮೆಟ್, ರಕ್ಷಾಕವಚ, ಕೈಪಿಡಿಗಳಿದ್ದವು. ಪ್ಯಾಕ್ ಮಾಡಲು ಬಂದ ಹುಡುಗ ಪಟ್ಟಿಯಲ್ಲಿ 'ಪುಸ್ತಕ', 'ಗ್ಯಾರೇಜ್' ಎಂದಷ್ಟೇ ಗೀಚಿದ್ದ. ನನ್ನ ಪುಟ್ಟ ಒರಳು 'ಕಲ್ಲು, ಅಲಂಕಾರಿಕ' ಆಗಿತ್ತು. ಕೆಳಗೆ ನನ್ನದೇ ಸಹಿ.

ಆ ಪೆಟ್ಟಿಗೆಗಳನ್ನೆಲ್ಲ ಮನೆಯ ತೂಕದ ಯಂತ್ರದಲ್ಲಿ ತೂಗಿ, ಚಿತ್ರ ತೆಗೆದು, ನಾಲ್ಕು ಪುಟದ ಅರ್ಜಿ ಕಳಿಸಿದೆವು. ತಿರಸ್ಕಾರವಾಯಿತು. ಮುಂದೆ ರಕ್ಷಣಾ ಇಲಾಖೆಯ ಮೇಲ್ಮನವಿ ಮಂಡಳಿ ಇದೆ. ಅದರ ಹಳೆಯ ತೀರ್ಪುಗಳನ್ನು ಎರಡು ರಾತ್ರಿ ಓದಿದೆ. ತೂಕದ ಚೀಟಿ ಸ್ಪಷ್ಟವಾಗಿ ತಪ್ಪು ಎಂದು ದಾಖಲೆಯಿಂದ ತೋರಿಸದ ಹೊರತು ಅವರು ಅದನ್ನು ಮುಟ್ಟುವುದಿಲ್ಲ. ಮನೆಯವರ ಅಂದಾಜಿಗೆ ಬೆಲೆಯಿಲ್ಲ. ಓದುತ್ತಾ ಹೋದಂತೆ ಕೋಪಕ್ಕಿಂತ ನಾಚಿಕೆ ಜಾಸ್ತಿಯಾಯಿತು. ಅವರಿಗೆ ತೋರಿಸಲು ನಮ್ಮ ಹತ್ತಿರ ಒಂದು ತುಂಡು ಕಾಗದವೂ ಇಲ್ಲ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಖಾಲಿ ಲಾರಿ ತೂಗಿದಾಗ ಡೀಸೆಲ್ ಎಷ್ಟಿತ್ತಮ್ಮ?" ಎಂದರು. ನಡುವೆ ತುಂಬಿಸಿದ ಡೀಸೆಲ್ಲೂ ಸಾಮಾನಿನ ತೂಕಕ್ಕೆ ಸೇರಿಬಿಡಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮೇಲ್ಮನವಿ ಹಾಕುವುದಿಲ್ಲ ಎಂದು ನಿರ್ಧರಿಸಿದ್ದೇವೆ. ನಿನ್ನೆ ಸುಮ್ಮನೆ ಒರಳನ್ನೂ ತೂಗಿದೆ: 34 ಪೌಂಡ್. ಹೆಚ್ಚುವರಿ ದರದಲ್ಲಿ ಸುಮಾರು ಐವತ್ತು ಡಾಲರ್. ಮದುವೆಯಾದ ವರ್ಷ ಬೆಂಗಳೂರಿನಿಂದ ತಂದಾಗ ವಿಮಾನದವರು ಒಂದು ಪೈಸೆಯನ್ನೂ ಕೇಳಿರಲಿಲ್ಲ.